ದಾವೋಸಿನಲ್ಲಿ ಹಿಮವನ್ನು ಓದುವವರು

ಕನ್ನಡನಾಡಿನಲ್ಲಿ ಹುಟ್ಟಿ ಬೆಳೆದ ನಮಗೆ ಹಿಮವೆಂಬುದು ಕಣ್ಣಿನಿಂದ ಕಂಡ ವಸ್ತುವಿಗಿಂತ ಕಿವಿಯಿಂದ ಕೇಳಿದ ವಸ್ತುವೇ ಸರಿ. ಹಿಮವಂತನು ಪಾರ್ವತಿಯ ತಂದೆಯೆಂದೂ, ಪಾಂಡವರು ಮಹಾಪ್ರಸ್ಥಾನದಲ್ಲಿ ಆ ಬೆಟ್ಟಗಳ ಮೇಲೆ ಒಬ್ಬೊಬ್ಬರಾಗಿ ಬಿದ್ದರೆಂದೂ ಮನೆಯ ಹಿರಿಯರ ಬಾಯಿಂದ ಕೇಳಿದ್ದೇವೆ. ಮಾಗಿಯ ಬೆಳಗಿನ ಇಬ್ಬನಿಯನ್ನೂ, ಮಡಿಕೇರಿಯ ಮಂಜನ್ನೂ, ಬೇಸಗೆಯ ಮಳೆಯೊಡನೆ ಬೀಳುವ ಆಲಿಕಲ್ಲನ್ನೂ ಬಲ್ಲೆವೇ ಹೊರತು, ಆಳುದ್ದ ಬಿದ್ದು ತಿಂಗಳುಗಟ್ಟಲೆ ನೆಲವನ್ನು ಮುಚ್ಚಿಕೊಂಡಿರುವ ಹಿಮವನ್ನು ನಾವರಿಯೆವು. ಚಿತ್ರಪಟಗಳಲ್ಲಿ ಅದು ಅರಳೆಯಂತೆ ಹಗುರವಾಗಿಯೂ ಹಾಲಿನಂತೆ ಬಿಳುಪಾಗಿಯೂ ತೋರುವುದು. ಅಷ್ಟು ಸೌಮ್ಯವಾದ ವಸ್ತುವು ಒಂದು ಕ್ಷಣದಲ್ಲಿ ಮನೆಮಠಗಳನ್ನು ನುಂಗಿಬಿಡುವುದೆಂದರೆ ನಂಬುವುದು ಕಷ್ಟ. ಆದರೆ ಯೂರೋಪಿನ ಆಲ್ಪ್ಸ್ ಪರ್ವತಗಳ ಕಣಿವೆಗಳಲ್ಲಿ ವಾಸಿಸುವ ಜನರು ಶತಮಾನಗಳಿಂದ ಈ ಭಯದೊಡನೆಯೇ ಬಾಳಿಕೊಂಡು ಬಂದಿರುವರು. ಆ ಭಯವನ್ನು ಶಾಸ್ತ್ರವನ್ನಾಗಿ ಮಾಡಿದ ಊರೊಂದನ್ನು ನೋಡುವ ಭಾಗ್ಯವು ನಮಗೆ ಈಚೆಗೆ ಒದಗಿತು. ಅದರ ವೃತ್ತಾಂತವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಒಂದು ಮಾತು. ನಮ್ಮಲ್ಲಿ ಹಿಮಪಾತವೆಂದರೆ ಆಕಾಶದಿಂದ ಹಿಮ ಸುರಿಯುವುದೂ ಆಗುವುದು, ಬೆಟ್ಟದಿಂದ ಹಿಮ ಕುಸಿಯುವುದೂ ಆಗುವುದು. ಗೊಂದಲವಾಗದಿರಲೆಂದು, ಬೆಟ್ಟದ ಇಳುಕಲಿನಿಂದ ಹಿಮರಾಶಿಯು ಕಳಚಿಕೊಂಡು ಕೆಳಕ್ಕೆ ನುಗ್ಗುವುದನ್ನು ನಾವು ಇಲ್ಲಿ ಹಿಮಕುಸಿತವೆಂದು ಕರೆಯುವೆವು.

ದಾವೋಸ್ ಊರು ಸ್ವಿಟ್ಜರ್ಲೆಂಡಿನ ಪೂರ್ವಭಾಗದ ಗ್ರೌಬ್ಯುಂಡೆನ್ ಪ್ರಾಂತದಲ್ಲಿರುವುದು. ಲಾಂಡ್‌ಕ್ವಾರ್ಟ್ ಎಂಬ ನಿಲ್ದಾಣದಲ್ಲಿ ದೊಡ್ಡ ರೈಲನ್ನು ಬಿಟ್ಟು, ಕೆಂಪು ಬಣ್ಣದ ಚಿಕ್ಕ ರೈಲನ್ನು ಹತ್ತಬೇಕು. ೧೮೯೦ರಲ್ಲಿ ದಾವೋಸನ್ನು ಮುಟ್ಟಿದ ಈ ಹಳಿಯು ಹೊಳೆಯ ಬದಿಯಲ್ಲಿಯೇ ಸಾಗಿ, ಮರದ ಮನೆಗಳ ಹಳ್ಳಿಗಳನ್ನೂ ದೇವದಾರುವಿನಂಥ ಮರಗಳ ಕಾಡನ್ನೂ ದಾಟಿ, ಮೆಲ್ಲಮೆಲ್ಲನೆ ಮೇಲೇರುವುದು. ಊರು ಸಮುದ್ರಮಟ್ಟಕ್ಕೆ ಸುಮಾರು ೫,೧೦೦ ಅಡಿ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯು ಇದಕ್ಕಿಂತ ಸಾವಿರ ಅಡಿಗೂ ಹೆಚ್ಚು ಎತ್ತರವೆಂದರೆ ಆಶ್ಚರ್ಯವಾಗಬಹುದು. ಆದರೆ ಅಕ್ಷಾಂಶದ ಪ್ರಭಾವ ನೋಡಿ: ಅಲ್ಲಿ ಹಸುರು ಹುಲ್ಲು, ಇಲ್ಲಿ ಮೊಳಕಾಲುದ್ದ ಹಿಮ! ಹಿಂದೆ ಕ್ಷಯರೋಗಿಗಳು ಶುಷ್ಕವಾಯುವನ್ನರಸಿ ಇಲ್ಲಿಗೆ ಬರುತ್ತಿದ್ದರು. ಈಗ ದೇಶದೇಶಗಳ ಮುಖಂಡರು ಅರ್ಥವಿಚಾರಗಳನ್ನು ಚರ್ಚಿಸಲು ಬರುವರು. ಕಾಲಿಗೆ ಜಾರುಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಕ್ರೀಡಾಸಕ್ತರಂತೂ ಸಾವಿರಗಟ್ಟಲೆ ಬರುವರು. ನಾವು ಹೋದದ್ದು ಇವೆರಡಕ್ಕೂ ಅಲ್ಲ.

ರೈಲಿನಿಂದಿಳಿದು ತಲೆಯೆತ್ತಿದೊಡನೆ ಊರಿನ ಮೇಲಿನ ಷಿಯಾಹಾರ್ನ್ ಬೆಟ್ಟದ ಇಳುಕಲಿನಲ್ಲಿ ಸಾಲುಸಾಲಾಗಿ ಬೇಲಿಗಳು ಕಾಣಿಸಿದುವು. ದನಕರುಗಳೇ ಹೋಗಲಾರದ ಕಡಿದಾದ ಜಾಗದಲ್ಲಿ ಬೇಲಿಯೇಕೆಂದು ನಮಗೆ ಸೋಜಿಗವಾಯಿತು. ವಿಚಾರಿಸಲಾಗಿ, ಅವು ಹಿಮವನ್ನು ಅದು ಬಿದ್ದಲ್ಲಿಯೇ ತಡೆದು ನಿಲ್ಲಿಸುವ ಕಟ್ಟುಗಳೆಂದು ತಿಳಿಯಿತು. ಇಂಥ ಬೇಲಿಗಳು ಸ್ವಿಟ್ಜರ್ಲೆಂಡಿನಲ್ಲಿ ಒಟ್ಟು ೫೦೦ ಕಿಲೋಮೀಟರಿಗೂ ಮಿಕ್ಕಿ ಇರುವುವು. ಊರಿನ ಇನ್ನೊಂದು ತುದಿಯಲ್ಲಿ ಫ್ರೌಯೆನ್‌ಕಿರ್ಖ್ ಎಂಬಲ್ಲಿ ಪುರಾತನವಾದ ಇಗರ್ಜಿಯೊಂದಿದೆ. ಅದರ ಬೆಟ್ಟದ ಕಡೆಯ ಗೋಡೆಯನ್ನು ದೋಣಿಯ ಮೂತಿಯಂತೆ ಚೂಪಾಗಿ ಕಟ್ಟಿರುವರು; ಕುಸಿದು ಬರುವ ಹಿಮವು ಎರಡು ಪಾಲಾಗಿ ಕಟ್ಟಡದ ಅಕ್ಕಪಕ್ಕಗಳಲ್ಲಿ ಹರಿದುಹೋಗಲೆಂಬುದು ಅದರ ಯುಕ್ತಿ. ದೇವರ ಮನೆಯೂ ಹಿಮಕ್ಕೆ ಅಂಜಿ ನಡೆಯಬೇಕಾದ ನಾಡು ಅದು!

ಇಲ್ಲಿಯ ಹಿರಿಯರಿಗೆ ಶಾಸ್ತ್ರ ತಿಳಿಯದಿದ್ದರೂ ಅನುಭವವು ಚೆನ್ನಾಗಿ ತಿಳಿದಿತ್ತು. ಆಂಡರ್‌ಮಾಟ್ ಎಂಬ ಊರಿನ ಜನರು ೧೩೯೭ರಲ್ಲಿಯೇ ತಮ್ಮ ಊರಿನ ಮೇಲಿನ ಕಾಡಿನಿಂದ ಯಾರೂ ಮರ ಕಡಿಯಕೂಡದೆಂದು ಕಟ್ಟಳೆ ಬರೆದಿಟ್ಟರು. ನಮ್ಮಲ್ಲಿ ದೇವರ ಕಾಡನ್ನು ಭಕ್ತಿಯಿಂದ ಉಳಿಸಿಕೊಂಡರು. ಅವರು ಪ್ರಾಣಭಯದಿಂದ ಉಳಿಸಿಕೊಂಡರು. ಹತ್ತೊಂಬತ್ತನೆಯ ಶತಮಾನದಲ್ಲಿ ಯೋಹಾನ್ ಕೋಆಟ್ಸ್ ಎಂಬ ಅರಣ್ಯಾಧಿಕಾರಿಯು ಈ ಅನುಭವಗಳನ್ನು ಲೆಕ್ಕದ ರೂಪಕ್ಕೆ ತಂದನು. ಈತನೇ ೧೮೫೦ರಲ್ಲಿ ಬರ್ನೀನಾ ಶಿಖರವನ್ನು ಮೊಟ್ಟಮೊದಲು ಏರಿದ ಸಾಹಸಿ. ಎಲ್ಲೆಲ್ಲಿ, ಯಾವ ಯಾವ ದಾರಿಯಲ್ಲಿ, ಎಂಥ ಹಿಮ ಕುಸಿಯಿತೆಂಬುದನ್ನು ಕಲೆಹಾಕಿ ಈತನು ೧೮೮೧ರಲ್ಲಿ ಸ್ವಿಸ್ ಆಲ್ಪ್ಸಿನ ಹಿಮಕುಸಿತಗಳನ್ನು ಕುರಿತು ದೊಡ್ಡದೊಂದು ಗ್ರಂಥವನ್ನು ಪ್ರಕಟಿಸಿದನು.

ಎಲ್ಲಿ ಕುಸಿಯುವುದೆಂಬುದು ಹೀಗೆ ತಿಳಿಯಿತು. ಏಕೆ ಕುಸಿಯುವುದೆಂಬುದು ಮಾತ್ರ ತಿಳಿಯಲಿಲ್ಲ. ಅದನ್ನರಿಯಲು ಸ್ವಿಸ್ ಜನರು ೧೯೩೧ರಲ್ಲಿ ಒಂದು ಸಮಿತಿಯನ್ನು ನಿಯಮಿಸಿದರು. ದಾವೋಸಿನಿಂದ ವೈಸ್‌ಫ್ಲೂಯೋಖ್ ಎಂಬ ಬೆಟ್ಟದ ಹೆಗಲಿಗೆ ಹಗ್ಗದಿಂದೆಳೆಯುವ ರೈಲು ೧೯೩೨ರಲ್ಲಿ ಸಿದ್ಧವಾಗಿದ್ದಿತು. ಚಳಿಗಾಲವೆಲ್ಲ ಅಷ್ಟು ಎತ್ತರಕ್ಕೆ ನಿತ್ಯವೂ ಹೋಗಿಬರುವ ಸೌಕರ್ಯವಿದ್ದುದರಿಂದ, ೧೯೩೬ರಲ್ಲಿ ಕೆಲವೇ ಮಂದಿ ಶಾಸ್ತ್ರಜ್ಞರು ಅಲ್ಲಿ ಚಿಕ್ಕದೊಂದು ಹಿಮಪ್ರಯೋಗಶಾಲೆಯನ್ನು ಹೂಡಿದರು. ಬಾಡರ್ ಎಂಬಾತನು ಸ್ಫಟಿಕಶಾಸ್ತ್ರವನ್ನು ಬಲ್ಲವನು. ಹೇಫೆಲಿಯು ನೆಲದ ಬಲಾಬಲಗಳನ್ನು ಬಲ್ಲ ಇಂಜಿನಿಯರು. ಇವರೂ ಇವರ ಸಂಗಡಿಗರೂ ಸೇರಿ ಹಿಮದ ರೂಪಾಂತರಗಳನ್ನು ಕುರಿತು ೧೯೩೯ರಲ್ಲಿ ಬರೆದ ಗ್ರಂಥವು ಈ ಶಾಸ್ತ್ರಕ್ಕೆ ತಳಹದಿಯಾಯಿತು. ೧೯೪೨ರಲ್ಲಿ ಸರ್ಕಾರದ ಸಂಸ್ಥೆಯೇ ಸ್ಥಾಪಿತವಾಗಿ, ಬೆಟ್ಟದ ಮೇಲೆ ಅದಕ್ಕೊಂದು ಕಟ್ಟಡವೂ ಎದ್ದಿತು. ೧೯೯೬ರಿಂದೀಚೆಗೆ ಸಂಸ್ಥೆಯ ಮುಖ್ಯ ಕಾರ್ಯಾಲಯವು ಕೆಳಗೆ ಊರಿನಲ್ಲಿರುವುದು. ಆದರೆ ಮೇಲಿನ ಅಳತೆಯ ಬಯಲಿನಲ್ಲಿ ೧೯೩೬ರಲ್ಲಿ ಮೊದಲಾದ ಅಳತೆಯು ಇಂದಿಗೂ ನಡೆದುಕೊಂಡು ಬಂದಿದೆ.

ನಾವು ಆ ರೈಲಿನಲ್ಲಿ ಮೇಲಕ್ಕೆ ಹೋದೆವು. ಸುಮಾರು ೮,೭೦೦ ಅಡಿ ಎತ್ತರದಲ್ಲಿ ಇಳಿದಾಗ ಗಾಳಿಯು ಕಿವಿಗಳನ್ನು ಕತ್ತರಿಸುವಂತೆ ಬೀಸುತ್ತಿದ್ದಿತು. ಸುತ್ತಲೂ ಬಿಳಿಯ ಶಿಖರಗಳು. ಮೇಲೆ ಕಡುನೀಲಿಯ ಆಕಾಶ. ಸ್ವಲ್ಪ ಕೆಳಗೆ, ಬೇಲಿ ಹಾಕಿದ ಸಮತಟ್ಟಾದ ಬಯಲಿನಲ್ಲಿ ಕಂಬಗಳೂ ಯಂತ್ರಗಳೂ ನಿಂತಿದ್ದುವು. ಅಲ್ಲಿ ಪ್ರತಿದಿನವೂ ಬೆಳಿಗ್ಗೆ ಹೊಸದಾಗಿ ಬಿದ್ದ ಹಿಮವೆಷ್ಟು, ಒಟ್ಟು ಆಳವೆಷ್ಟು, ಅದರಲ್ಲಿ ನೀರಿನ ತೂಕವೆಷ್ಟು ಎಂದು ನೋಡುವರು. ಹದಿನೈದು ದಿನಗಳಿಗೊಮ್ಮೆ ನೆಲದವರೆಗೂ ಗುಂಡಿ ತೋಡಿ ಒಳಗಿನ ಪದರಗಳನ್ನು ಪರೀಕ್ಷಿಸುವರು. ಕೆಲಸವು ನೋಡುವುದಕ್ಕೆ ಬಹು ಸಾಮಾನ್ಯ. ಆದರೆ ಯುದ್ಧ ಬಂದರೂ ಬಿರುಗಾಳಿ ಬಂದರೂ ಎಂಬತ್ತು ವರ್ಷಗಳಿಗೂ ಮಿಕ್ಕಿ ಚಳಿಗಾಲ ಚಳಿಗಾಲವೂ ಬಿಡದೆ ನಡೆದಾಗ, ಆ ಸಾಮಾನ್ಯ ಕೆಲಸವೇ ತಪಸ್ಸಾಗುವುದು.

ಗುಂಡಿ ತೋಡುವುದನ್ನು ಹತ್ತಿರದಿಂದ ನೋಡುವ ಅವಕಾಶವೂ ನಮಗೆ ದೊರೆಯಿತು. ಜಾರುಹಲಗೆಯವರಿಗೆ ಹಿಮದ ಪಾಠ ಹೇಳುವ ಉಪಾಧ್ಯಾಯರೊಬ್ಬರು ಶಿಷ್ಯರೊಡನೆ ನೆರಳಿನ ಇಳುಕಲೊಂದರಲ್ಲಿ ಸಲಿಕೆಯಿಂದ ಹಿಮವನ್ನು ಕಡಿಯುತ್ತಿದ್ದರು. ಅನುಮತಿ ಪಡೆದು ನಾವೂ ನಿಂತೆವು. ಎದೆಮಟ್ಟದ ಗುಂಡಿಯಾದ ಮೇಲೆ ಅವರು ಅದರ ಗೋಡೆಯನ್ನು ನಯವಾಗಿ ಸವರಿ, ಬೆರಳಿನಿಂದ ಒತ್ತಿ ನೋಡೆಂದರು. ಒಂದೇ ಬಿಳುಪಾಗಿ ಕಾಣುತ್ತಿದ್ದ ಗೋಡೆಯು ಬೆರಳಿಗೆ ಒಂದೇ ಆಗಿರಲಿಲ್ಲ! ಮೇಲ್ಗಡೆ ಅಕ್ಕಿಹಿಟ್ಟಿನಂತೆ ಮೃದುವಾದ ಹೊಸ ಹಿಮ. ಅದರ ಕೆಳಗೆ ಗಾಳಿಯು ತಂದು ಬಡಿದು ಕೂರಿಸಿದ ಗಟ್ಟಿ ಹಲಗೆಯಂಥ ಪದರ. ಅದಕ್ಕೂ ಕೆಳಗೆ, ಬಿಸಿಲಿಗೆ ಕರಗಿ ಮತ್ತೆ ಹೆಪ್ಪುಗಟ್ಟಿದ ತೆಳ್ಳನೆಯ ಗಾಜಿನಂಥ ಪದರ. ಎಲ್ಲಕ್ಕಿಂತ ಕೆಳಗೆ ಬೆರಳಿಟ್ಟೊಡನೆ ಹಿಮವು ದಪ್ಪ ಸಕ್ಕರೆಯಂತೆ ಜರಜರನೆ ಸುರಿದುಬಿಟ್ಟಿತು. ಅಂಗೈಯಲ್ಲಿ ಹಿಡಿದು ಉಂಡೆ ಕಟ್ಟಲು ನೋಡಿದೆವು. ಒಂದು ಕಣಕ್ಕೊಂದು ಕಣ ಅಂಟಲಿಲ್ಲ. ಭೂತಗನ್ನಡಿಯಿಂದ ನೋಡಲು, ಪುಟ್ಟ ಪುಟ್ಟ ಬಟ್ಟಲುಗಳನ್ನು ಬೋರಲು ಹಾಕಿದಂತಿದ್ದ ಸುಂದರವಾದ ಸ್ಫಟಿಕಗಳು! ಆ ನಾಡಿನವರು ಇದಕ್ಕೆ ‘ತೇಲುವ ಹಿಮ’ವೆಂಬರ್ಥದ ಹೆಸರನ್ನಿಟ್ಟಿರುವರು.

ಈ ಸಕ್ಕರೆಯು ಎಲ್ಲಿಂದ ಬಂದಿತು? ಇದು ಆಕಾಶದಿಂದ ಬಿದ್ದುದಲ್ಲ, ಹಿಮದ ಹೊಟ್ಟೆಯಲ್ಲಿಯೇ ಹುಟ್ಟಿದುದು. ನಮ್ಮ ಗೃಹಿಣಿಯರಿಗೆ ಇದು ಸುಲಭವಾಗಿ ಅರ್ಥವಾಗುವುದು. ಇಡ್ಲಿಯ ಪಾತ್ರೆಯಲ್ಲಿ ಬಿಸಿಯಾದ ತಳದಿಂದ ಆವಿಯು ಮೇಲೇರಿ, ತಣ್ಣಗಿರುವ ಮುಚ್ಚಳದ ಒಳಮೈಗೆ ಹನಿಯಾಗಿ ಹತ್ತಿಕೊಳ್ಳುವುದಿಲ್ಲವೆ? ಹಿಮದಲ್ಲಿಯೂ ಹೀಗೆಯೇ. ಹಿಮದ ಕಂಬಳಿಯ ಕೆಳಗಿರುವ ನೆಲವು ಸೊನ್ನೆ ಡಿಗ್ರಿಯ ಸುಮಾರಿನಲ್ಲಿರುವುದು. ಮೇಲ್ಮೈಯು ರಾತ್ರಿಯ ಚಳಿಗೆ ಸೊನ್ನೆಗಿಂತ ಹತ್ತಿಪ್ಪತ್ತು ಡಿಗ್ರಿ ಕೆಳಗಿಳಿಯುವುದು. ಆಗ ಕೆಳಗಿನ ಕಣಗಳಿಂದ ಹಿಮವು ನೀರಾಗದೆ ನೇರವಾಗಿ ಆವಿಯಾಗಿ ಮೇಲೇರಿ, ಮೇಲಿನ ತಣ್ಣನೆಯ ಕಣಗಳ ಅಡಿಯಲ್ಲಿ ಹತ್ತಿಕೊಂಡು ಹರಳಾಗಿ ಬೆಳೆಯುವುದು. ಹರಳು ದೊಡ್ಡದಾಗುವುದು, ನೆರೆಯ ಹರಳಿನೊಡನೆ ಬೆಸುಗೆ ಮಾತ್ರ ಕಡಿಮೆಯಾಗುವುದು. ಹಿಮವು ತೆಳ್ಳಗಿದ್ದಷ್ಟೂ ಕೆಳಗಿನ ಬೆಚ್ಚಗೂ ಮೇಲಿನ ಚಳಿಗೂ ಅಂತರವು ಕಿರಿದಾಗಿ, ಈ ಕೆಲಸವು ಬೇಗಬೇಗನೆ ನಡೆಯುವುದು. ಆದಕಾರಣ ಹಿಮ ಕಡಿಮೆ ಬಿದ್ದ ವರ್ಷದಲ್ಲಿ ಅಪಾಯವೂ ಕಡಿಮೆಯೆಂದು ಎಣಿಸುವುದು ತಪ್ಪು. ಶುರುವಿನಲ್ಲಿ ತೆಳ್ಳಗೆ ಬಿದ್ದು ಚಳಿಗೆ ಒಡ್ಡಿಕೊಂಡ ಹಿಮವೇ ಇಡೀ ಚಳಿಗಾಲಕ್ಕೆ ಕೊಳೆತ ತಳಪಾಯವಾಗುವುದುಂಟು.

ಇನ್ನು ಆ ತಳಪಾಯದ ಮೇಲೆ ದೊಡ್ಡ ಬಿರುಗಾಳಿಯೊಂದು ಹೊಸ ಹಿಮವನ್ನು ತಂದು ಹೇರಿತೆನ್ನೋಣ. ಸಾಸಿವೆಯನ್ನು ಚೆಲ್ಲಿದ ಓರೆನೆಲದ ಮೇಲೆ ಭಾರವಾದ ಹಲಗೆಯನ್ನಿಟ್ಟಂತಾಯಿತು. ಹಲಗೆಯು ತಾನಾಗಿ ಜಾರದಿರಬಹುದು. ಆದರೆ ಅದರ ಮೇಲೆ ಒಬ್ಬನು ಕಾಲಿಟ್ಟರೆ ಕೆಳಗಿನ ದುರ್ಬಲ ಪದರವು ಒಂದೆಡೆ ಮುರಿದು, ಆ ಬಿರುಕು ಕ್ಷಣಾರ್ಧದಲ್ಲಿ ಇಳುಕಲಿನುದ್ದಕ್ಕೂ ಓಡುವುದು. ಉಪಾಧ್ಯಾಯರು ಇದನ್ನೂ ತೋರಿಸಿದರು. ಗುಂಡಿಯ ಅಂಚಿನಲ್ಲಿ ಹಿಮದ ಕಂಬವೊಂದನ್ನು ಕತ್ತರಿಸಿ ಬಿಡಿಸಿ, ಅದರ ತಲೆಯ ಮೇಲೆ ಸಲಿಕೆಯನ್ನಿಟ್ಟು, ಮೊದಲು ಮಣಿಕಟ್ಟಿನಿಂದ ಹತ್ತು ಪೆಟ್ಟು, ಆಮೇಲೆ ಮೊಣಕೈಯಿಂದ ಹತ್ತು ಪೆಟ್ಟು, ಕಡೆಗೆ ತೋಳಿನಿಂದ ಹತ್ತು ಪೆಟ್ಟು ತಟ್ಟುವುದು ಅವರ ಕ್ರಮ. ಎಲ್ಲರೂ ಉಸಿರು ಬಿಗಿಹಿಡಿದು ಎಣಿಸುತ್ತಿದ್ದೆವು. ಹದಿನಾಲ್ಕನೆಯ ಪೆಟ್ಟಿಗೆ ಕಂಬದ ಮೇಲ್ಭಾಗವೆಲ್ಲ, ಚಾಕುವಿನಿಂದ ಕೊಯ್ದಂತೆ, ಇಡಿಯಾಗಿ ಕಳಚಿಕೊಂಡು ಮುಂದಕ್ಕೆ ಜಾರಿತು. ಯಾರೂ ಮಾತನಾಡಲಿಲ್ಲ. ನಾವು ನಿಂತಿದ್ದುದೂ ಅದೇ ಹಿಮದ ಮೇಲೆಯೇ ಅಲ್ಲವೆ? ಇಳುಕಲು ಅಲ್ಲಿ ಅಷ್ಟು ಕಡಿದಾಗಿರಲಿಲ್ಲವಾದುದರಿಂದ ನಮಗೆ ಭಯವಿರಲಿಲ್ಲ. ಸಾಮಾನ್ಯವಾಗಿ ಮೂವತ್ತು ಡಿಗ್ರಿಗಿಂತ ಕಡಿದಾದ ಓರೆಗಳಲ್ಲಿಯೇ ಇಂಥ ಕುಸಿತಗಳು ಹುಟ್ಟುವುವು.

ಒಂದು ಚಿಕ್ಕ ಲೆಕ್ಕವನ್ನು ಮಾಡಿ ನೋಡೋಣ. ನೂರು ಮೀಟರು ಅಗಲ, ಐವತ್ತು ಮೀಟರು ಉದ್ದ, ಅರ್ಧ ಮೀಟರು ದಪ್ಪದ ಹಿಮದ ಹಲಗೆಯೊಂದು ಕಳಚಿತೆನ್ನಿರಿ. ಘನಮೀಟರಿಗೆ ೨೦೦ ಕಿಲೋಗ್ರಾಮಿನಂತೆ ಹಿಡಿದರೂ ಅದರ ತೂಕವು ೫೦೦ ಟನ್ನುಗಳಾಗುವುದು. ಪರ್ವತದ ಪ್ರಮಾಣದಲ್ಲಿ ಇದೊಂದು ದೊಡ್ಡ ಕುಸಿತವೇ ಅಲ್ಲ. ಹಿಮವು ಓಡುವಾಗ ದ್ರವದಂತೆ ಹರಿದು, ನಿಂತೊಡನೆ ಗಾರೆಯಂತೆ ಬಿಗಿದುಕೊಳ್ಳುವುದು. ಒಳಗೆ ಸಿಕ್ಕವನು ಬೆರಳನ್ನು ಕೂಡ ಅಲುಗಿಸಲಾರನು. ಹೂತುಹೋದವರನ್ನು ಮೊದಲ ಹತ್ತು ಹದಿನೈದು ನಿಮಿಷಗಳೊಳಗೆ ಹೊರತೆಗೆದರೆ ಹೆಚ್ಚಿನವರು ಬದುಕುವರು; ಆಮೇಲೆ ಉಸಿರು ಕಟ್ಟಿ, ಆಶೆಯು ಶೀಘ್ರವಾಗಿ ಕುಂದುವುದು. ವಿಹಾರಕ್ಕಾಗಿ ಬೆಟ್ಟಕ್ಕೆ ಹೋಗಿ ಹೀಗೆ ಸಿಕ್ಕಿಬೀಳುವವರಲ್ಲಿ ಬಹುಮಂದಿಗೆ ಆ ಕುಸಿತವನ್ನು ಕದಲಿಸಿದುದು ಅವರ ಅಥವಾ ಅವರ ಸಂಗಡಿಗರ ಕಾಲೇ ಆಗಿರುವುದೆಂಬುದು ಇನ್ನೂ ದುಃಖಕರವಾದ ಸಂಗತಿ.

ಇಷ್ಟೆಲ್ಲ ಪರೀಕ್ಷೆಯ ಫಲವೇನು? ಫಲವು ಒಂದು ಎಚ್ಚರಿಕೆಯ ಪತ್ರಿಕೆ. ೧೯೪೫ರಿಂದ ಈ ಸಂಸ್ಥೆಯು ಹಿಮದ ಸ್ಥಿತಿಯನ್ನು ಜನರಿಗೆ ಪ್ರಕಟಿಸುತ್ತ ಬಂದಿದೆ. ಈಗ ಚಳಿಗಾಲದಲ್ಲಿ ದಿನವೂ ಸಾಯಂಕಾಲ ಐದು ಗಂಟೆಗೂ ಬೆಳಿಗ್ಗೆ ಎಂಟು ಗಂಟೆಗೂ ಅದು ಹೊರಡುವುದು. ಶಿಖರಗಳ ಬಳಿ ನೆಟ್ಟ ಸ್ವಯಂಚಾಲಿತ ಯಂತ್ರಗಳು ವರದಿ ಕಳುಹಿಸುವುವು. ಅದರ ಜೊತೆಗೆ ಸುಮಾರು ಇನ್ನೂರು ಮಂದಿ ವೀಕ್ಷಕರು ತಮ್ಮ ತಮ್ಮ ಊರುಗಳಿಂದ ತಾವು ಕಂಡುದನ್ನೂ ಅಳೆದುದನ್ನೂ ತಿಳಿಸುವರು. ಅಪಾಯವನ್ನು ಒಂದರಿಂದ ಐದರವರೆಗೆ ಮೆಟ್ಟಿಲುಗಳಾಗಿ ಹೇಳುವ ಪದ್ಧತಿಯನ್ನು ಯೂರೋಪಿನ ದೇಶಗಳು ೧೯೯೩ರಲ್ಲಿ ಒಪ್ಪಿಕೊಂಡುವು. ಇದರಲ್ಲೊಂದು ವಿಚಿತ್ರವಿದೆ. ಅತಿ ಹೆಚ್ಚು ಸಾವುಗಳಾಗುವುದು ಐದನೆಯ ಮೆಟ್ಟಿಲಿನಲ್ಲಿ ಅಲ್ಲ, ನಡುವಿನ ಮೂರನೆಯದರಲ್ಲಿ. ಮಹಾಭಯವಿದ್ದಾಗ ಜನರು ಮನೆಯಲ್ಲಿಯೇ ಉಳಿಯುವರು; ನಡುತರದ ಭಯವಿದ್ದಾಗ ‘ನಮಗೇನಾಗುವುದು’ ಎಂದು ಹೊರಡುವರು. ಹಿಮದ ವಿಷಯದಲ್ಲಿ ಮಾತ್ರವೇ ಹೀಗೆಂದು ಹೇಳಲು ನಮಗೆ ಧೈರ್ಯವಿಲ್ಲ.

ಈ ಶಾಸ್ತ್ರದಿಂದ ಪ್ರಾಣಗಳು ಉಳಿದುವೆ? ೧೯೫೧ರ ಚಳಿಗಾಲವನ್ನು ಸ್ವಿಸ್ ಜನರು ಇಂದಿಗೂ ನಡುಗುತ್ತ ನೆನೆಯುವರು. ಆ ವರ್ಷ ಅಲ್ಲಿ ೯೮ ಮಂದಿ ಹಿಮಕ್ಕೆ ಬಲಿಯಾದರು. ಆಮೇಲೆಯೇ ಬೆಟ್ಟಗಳ ಮೇಲೆ ಬೇಲಿಗಳು ಹೆಚ್ಚಿ, ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ಕಟ್ಟಕೂಡದು ಎಂಬ ನಕ್ಷೆಗಳೂ ಆದುವು. ೧೯೯೯ರ ಫೆಬ್ರವರಿಯಲ್ಲಿ ಮತ್ತೆ ಅದಕ್ಕೆ ಸಾಟಿಯಾದ ಹಿಮವು ಬಿದ್ದಿತು. ಆ ವೇಳೆಗೆ ಕಣಿವೆಗಳಲ್ಲಿ ಜನಸಂಚಾರವು ಹಿಂದಿಗಿಂತ ಬಹಳ ಹೆಚ್ಚಿದ್ದರೂ ಸ್ವಿಟ್ಜರ್ಲೆಂಡಿನಲ್ಲಿ ಸತ್ತವರು ೧೭ ಮಂದಿ. ಆದರೆ ಅದೇ ತಿಂಗಳಿನಲ್ಲಿ ನೆರೆಯ ಆಸ್ಟ್ರಿಯದ ಗಾಲ್ಟ್ಯೂರ್ ಗ್ರಾಮದಲ್ಲಿ, ಕ್ಷೇಮವೆಂದು ನಕ್ಷೆಯಲ್ಲಿ ಗುರುತಿಸಿದ್ದ ಮನೆಗಳವರೆಗೂ ಹಿಮವು ನುಗ್ಗಿ ೩೧ ಮಂದಿಯನ್ನು ಕೊಂದಿತು. ಮರುದಿನ ಹತ್ತಿರದ ಹಳ್ಳಿಯೊಂದರಲ್ಲಿ ಇನ್ನೂ ಏಳು ಮಂದಿ ಸತ್ತರು. ಅಂದಮೇಲೆ ಲೆಕ್ಕವು ಸಹಾಯಕನೇ ಹೊರತು ಒಡೆಯನಲ್ಲ. ದಾವೋಸಿನ ಶಾಸ್ತ್ರಜ್ಞರು ಇದನ್ನು ಬಲ್ಲರು. ಆದುದರಿಂದಲೇ ಅವರು ಇಂದಿಗೂ ಶೀತಲಗೃಹಗಳಲ್ಲಿ ಹಿಮದ ತುಣುಕುಗಳನ್ನಿಟ್ಟು, ವೈದ್ಯರು ರೋಗಿಯ ಒಳಗನ್ನು ನೋಡುವಂಥ ಕಿರಣಯಂತ್ರಗಳಿಂದ ಅದರ ಒಡಲನ್ನು ನೋಡುತ್ತಿರುವರು. ವಾಲೆ ಪ್ರಾಂತದ ಸಿಯೋನ್ ಕಣಿವೆಯಲ್ಲಿ ಇಪ್ಪತ್ತು ಮೀಟರು ಎತ್ತರದ ಉಕ್ಕಿನ ಕಂಬವನ್ನು ಹಿಮಕುಸಿತದ ದಾರಿಯಲ್ಲಿಯೇ ನೆಟ್ಟು, ಅದರ ಹೊಡೆತವನ್ನು ಅಳೆಯುತ್ತಿರುವರು. ಹಿಮಕುಸಿತದೊಡನೆ ಬಾಳುವ ಈ ಜ್ಞಾನವನ್ನು, ಹಳ್ಳಿಗರ ಅನುಭವವನ್ನೂ ಶಾಸ್ತ್ರವನ್ನೂ ಕೂಡಿಸಿ, ೨೦೧೮ರಲ್ಲಿ ಯುನೆಸ್ಕೋ ಸಂಸ್ಥೆಯು ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯ ದೇಶಗಳ ಪರಂಪರೆಯೆಂದು ಮನ್ನಿಸಿತು.

ಇದೆಲ್ಲವೂ ಪರದೇಶದ ಸಮಾಚಾರ, ನಮಗೇಕೆ ಎಂದು ವಾಚಕರು ಕೇಳಬಹುದು. ಹಾಗೆ ಕೇಳುವವರಿಗೆ ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರನ್ನು ನೆನಪಿಗೆ ತರುವೆವು. ೨೦೧೬ರ ಫೆಬ್ರವರಿ ೩ರಂದು ಸಿಯಾಚಿನ್ ಹಿಮನದಿಯ ಮೇಲೆ, ಹತ್ತೊಂಬತ್ತು ಸಾವಿರ ಅಡಿಗೂ ಮಿಕ್ಕ ಎತ್ತರದ ಕಾವಲುಠಾಣೆಯ ಮೇಲೆ ಹಿಮದ ಗೋಡೆಯೊಂದು ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಯೋಧರನ್ನು ಹೂತುಹಾಕಿತು. ಆರು ದಿನಗಳ ಮೇಲೆ, ಇಪ್ಪತ್ತೈದು ಅಡಿಗಳಷ್ಟು ಹಿಮವನ್ನು ಕಡಿದು ನೋಡಿದಾಗ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು ಇನ್ನೂ ಉಸಿರಾಡುತ್ತಿದ್ದರು. ನಿಮಿಷಗಳ ಲೆಕ್ಕವನ್ನು ಮೇಲೆ ಓದಿದವರಿಗೆ ಆ ಆರು ದಿನಗಳ ಅರ್ಥವು ತಿಳಿಯದಿರದು. ನಾಡಿಗೆ ನಾಡೇ ಅವರಿಗಾಗಿ ಪ್ರಾರ್ಥಿಸಿತು. ಫೆಬ್ರವರಿ ೧೧ರಂದು ಅವರು ದೆಹಲಿಯ ಸೈನಿಕ ಆಸ್ಪತ್ರೆಯಲ್ಲಿ ಕಣ್ಮುಚ್ಚಿದರು. ಹತ್ತು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಜೋಳದ ಹೊಲಗಳ ನಡುವಿನ ಊರಿನ ಮಗನು ಹಿಮದಲ್ಲಿ ಹೂತುಹೋದ ಮೇಲೆ, ಹಿಮದ ಶಾಸ್ತ್ರವು ನಮ್ಮ ಶಾಸ್ತ್ರವಲ್ಲವೆಂದು ಹೇಳುವುದು ಹೇಗೆ?

ಸಿಯಾಚಿನ್ನಿನಲ್ಲಿ ಬಿದ್ದುದು ಹಲಗೆಯಂತೆ ಜಾರಿದ ಹೊಸ ಹಿಮವಲ್ಲ, ಮುರಿದುಬಿದ್ದ ನೀರ್ಗಲ್ಲಿನ ರಾಶಿ. ಅದನ್ನು ಮುಂಗಾಣುವುದು ಇನ್ನೂ ಕಠಿನ. ಆದರೂ ನಮ್ಮ ದೇಶವು ಈ ವಿಷಯದಲ್ಲಿ ಕೈಕಟ್ಟಿ ಕುಳಿತಿಲ್ಲ. ೧೯೬೯ರಲ್ಲಿಯೇ ಮನಾಲಿಯಲ್ಲಿ ಹಿಮ ಮತ್ತು ಹಿಮಕುಸಿತಗಳ ಅಧ್ಯಯನಕ್ಕೆ ರಕ್ಷಣಾ ಇಲಾಖೆಯ ಸಂಸ್ಥೆಯೊಂದು ಸ್ಥಾಪಿತವಾಯಿತು. ೨೦೨೦ರಲ್ಲಿ ಅದು ನೆಲದ ಸ್ವರೂಪವನ್ನು ಶೋಧಿಸುವ ಇನ್ನೊಂದು ಸಂಸ್ಥೆಯೊಡನೆ ಕೂಡಿಕೊಂಡು, ಹೊಸ ಹೆಸರಿನಿಂದ ಕೆಲಸವನ್ನು ಮುಂದುವರಿಸಿತು. ಹಿಮಾಲಯದ ದಾರಿಗಳಲ್ಲಿ ಸೈನ್ಯಕ್ಕೂ ಪ್ರಜೆಗಳಿಗೂ ಎಚ್ಚರಿಕೆ ಕೊಡುವ ಕೆಲಸವು ಅದರದು. ಆ ಬೆಟ್ಟಗಳಾದರೋ ಆಲ್ಪ್ಸಿಗಿಂತ ಎತ್ತರ, ವಿಸ್ತಾರವೂ ಹೆಚ್ಚು; ದಿನದಿನವೂ ನಿಂತು ಅಳೆಯುವುದು ಬಹು ಪ್ರಯಾಸ.

ದಾವೋಸಿನಲ್ಲಿ ನಾವು ಕಲಿತುದು ಇಷ್ಟು. ಹಿಮವು ತಾನು ಕಂಡ ದಿನಗಳನ್ನು ಮರೆಯುವುದಿಲ್ಲ. ಕಾರ್ತಿಕದ ಚಳಿ, ಮಾರ್ಗಶಿರದ ಗಾಳಿ, ನಡುವೆ ಬಂದುಹೋದ ಎರಡು ದಿನಗಳ ಬಿಸಿಲು—ಎಲ್ಲವನ್ನೂ ಅದು ಒಂದರ ಮೇಲೊಂದು ಪದರವಾಗಿ ಬರೆದಿಟ್ಟುಕೊಂಡಿರುವುದು. ಮೇಲೆ ಹೊಸದಾಗಿ ಬಿದ್ದುದು ಎಷ್ಟೇ ಚೆಲುವಾಗಿದ್ದರೂ, ಅದು ನಿಲ್ಲುವುದೋ ಜಾರುವುದೋ ಎಂಬುದನ್ನು ತೀರ್ಮಾನಿಸುವುದು ಬಹಳ ಹಿಂದೆಯೇ ಬಿದ್ದು ಕಣ್ಮರೆಯಾದ ಪದರ. ಅದನ್ನು ಗೆಲ್ಲುವೆನೆಂದು ಯಾವ ಶಾಸ್ತ್ರಜ್ಞನೂ ಅಲ್ಲಿ ಹೇಳುವುದನ್ನು ನಾವು ಕೇಳಲಿಲ್ಲ. ತೋಡಿ ನೋಡುವುದು, ಅಳೆದು ಬರೆದಿಡುವುದು, ಕಂಡುದನ್ನು ಹೊತ್ತಿಗೆ ಸರಿಯಾಗಿ ಇತರರಿಗೆ ತಿಳಿಸುವುದು: ಇವಿಷ್ಟೇ ಅವರ ವ್ರತ. ಈ ವ್ರತವು ಹಿಮಾಲಯದ ತಪ್ಪಲುಗಳಲ್ಲಿಯೂ ದಿನದಿನಕ್ಕೆ ಬೆಳೆಯಲಿ. ಅಲ್ಲಿ ಕಾವಲು ನಿಂತಿರುವ ನಮ್ಮ ಮಕ್ಕಳೆಲ್ಲರೂ ಕ್ಷೇಮವಾಗಿ ತಮ್ಮ ತಮ್ಮ ಊರುಗಳನ್ನು ಸೇರಲಿ.